ಹುಟ್ಟದೆ ಹೋದ ಬಿಳಿ ಪುಡಿ

ಮುಚ್ಚಳ ತೆಗೆದಾಗ ಉಕ್ಕಿನ ಪಾತ್ರೆಯಲ್ಲಿ ಬಿಳಿ ಪುಡಿ ಇರಲಿಲ್ಲ. ಹಾಕಿದ ದ್ರಾವಕ ಹಾಕಿದ ಹಾಗೇ ತಳದಲ್ಲಿ ಕುಳಿತಿತ್ತು. ಅನಿಲವನ್ನು ಪ್ಲಾಸ್ಟಿಕ್ ಪುಡಿ ಮಾಡುತ್ತದೆಂದು ಹೆಸರಾಗಿದ್ದ, ಪುಟ್ಟಿಯ ಅಪ್ಪನ ಹಸಿರು ವೇಗವರ್ಧಕ ದ್ರಾವಣ, ನೋಡಲು ಬಂದ ಅತಿಥಿಗಳ ಎದುರೇ ಕೈಕೊಟ್ಟಿತ್ತು.

"ಯಾರೋ ವಿಷ ಬೆರೆಸಿದಾರೆ," ಎಂದರು ಅಪ್ಪ.

ಇಂಥ ವೇಗವರ್ಧಕ ಸಾಯಲು ಚಿಟಿಕೆ ಗಂಧಕ ಸಾಕು. ಆ ದ್ರಾವಣದ ಬಾಟಲಿಯಿಟ್ಟ ಕಪಾಟಿನ ಬೀಗದ ಕೈ ಇದ್ದದ್ದು ಅಪ್ಪನ ಸಂಶೋಧನಾ ವಿದ್ಯಾರ್ಥಿಯ ಹತ್ತಿರ. ದಪ್ಪ ಕನ್ನಡಕದ ಅವನನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು. ಸಂಜೆಯೊಳಗೆ ಅಪ್ಪ ಅವನ ಮೇಲೆ ವಿಭಾಗದ ಮುಖ್ಯಸ್ಥೆಗೆ ದೂರು ಕೊಟ್ಟರು. ದೂರು ನಿಜವೆಂದಾದರೆ ಅವನ ಪದವಿಗೆ ಎಳ್ಳುನೀರು.

ಅಪ್ಪನ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದ ಪುಟ್ಟಿ ಮನೆಗೆ ಬಂದವಳೇ ಅತ್ತೆಯ ಕೋಣೆಗೆ ಹೋದಳು. ಅಪ್ಪನ ಅಕ್ಕನಾದ ಅವರು ಪೊಲೀಸರ ಪ್ರಯೋಗಾಲಯದಲ್ಲಿ ವಿಷ ಪರೀಕ್ಷಿಸಿ ನಿವೃತ್ತರಾದವರು. ಬೀದಿಯಲ್ಲಿ ಬೆಕ್ಕು ಕಳೆದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಚೀಲ ಹಿಡಿದು ಹಿಂದೆ ಹೋಗುವವಳು ಪುಟ್ಟಿ.

"ಅವನು ಪಾಪದವನು ಅತ್ತೆ."

"ಎಷ್ಟು ಜನ ಪಾಪದವರನ್ನ ಒಳಗೆ ಹಾಕ್ಸಿದೀನಿ ಗೊತ್ತಾ? ಅದಿರಲಿ. ಈ ಸಲ ಹೊಸದೇನು ನಡೀತು?"

"ಅತಿಥಿಗಳು ಬರ್ತಾರೇಂತ ಅವನು ಪಾತ್ರೆಗೆ ಆಸಿಡ್ ಹಾಕಿ ಫಳಫಳ ಅನ್ನೋ ಹಾಗೆ ತೊಳೆದಿದ್ದ. ಅಪ್ಪ ಯಾವಾಗ್ಲೂ, ಬಟ್ಟೇಲಿ ಒರೆಸಿದ್ರೆ ಸಾಕು, ಆಸಿಡ್ ಬೇಡ ಅಂತಾರೆ."

"ತೊಳೆದಿದ್ದಕ್ಕೆ ನಿಮ್ಮಪ್ಪ ಬೈದನಾ?"

ಪುಟ್ಟಿ ನೆನೆಸಿಕೊಂಡು ಹೇಳಿದಳು. ಪುಡಿ ಬಾರದಿದ್ದಾಗ ಸೋಡಾಬುಡ್ಡಿ, ತೊಳೆದ ಸಂಗತಿಯನ್ನು ತಾನಾಗಿಯೇ ಹೇಳಿದ್ದ. ಅಪ್ಪ ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. ಎದ್ದ ಮೇಲೆಯೇ ವಿಷದ ಮಾತೆತ್ತಿದ್ದು.

"ಬೇರೆ ಲ್ಯಾಬುಗಳಲ್ಲಿ ಈ ಹಸಿರು ದ್ರಾವಣ ಕೆಲಸ ಮಾಡುತ್ತಾ?"

"ಇಲ್ಲ. ಇದಕ್ಕೆ ಕೈಗುಣ ಬೇಕು ಅಂತಾರೆ ಅಪ್ಪ."

"ಕೈಗುಣ ಅಡುಗೆಗಮ್ಮ, ಕೆಮಿಸ್ಟ್ರಿಗಲ್ಲ," ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ಹೇಳಬಾರದಿತ್ತೇನೋ ಎಂದು ಪುಟ್ಟಿಗೆ ಆಗಲೇ ಅನಿಸಿತು.

ವಿಭಾಗದ ಮುಖ್ಯಸ್ಥೆಯ ಒಪ್ಪಿಗೆ ಪಡೆದು ಅತ್ತೆ ಲ್ಯಾಬಿನಲ್ಲಿ ಪರೀಕ್ಷೆ ನಡೆಸಿದರು. ಕೈಜೋಡಿಸಿದವಳು ಪುಟ್ಟಿಯೇ. ಎಲ್ಲ ಮುಗಿದ ಮೇಲೆ ಮುಖ್ಯಸ್ಥೆಯ ಕೋಣೆಯಲ್ಲಿ ಅಪ್ಪನನ್ನೂ ಸೋಡಾಬುಡ್ಡಿಯನ್ನೂ ಕೂರಿಸಿದರು.

"ಬಾಟಲಿಯಲ್ಲಿ ಗಂಧಕ ಇಲ್ಲ. ನನಗೆ ಗೊತ್ತಿರೋ ಯಾವ ವಿಷಾನೂ ಇಲ್ಲ," ಎಂದು ಅತ್ತೆ ಶುರು ಮಾಡಿದರು. "ಮತ್ತೆ ಯಾಕೆ ಸತ್ತಿತು? ಹೊಸ ಗಾಜಿನ ಪಾತ್ರೇಲಿ ಇದೇ ಹಸಿರು ದ್ರಾವಣ ಹಾಕಿ, ಅನಿಲ ಬಿಟ್ಟು ನೋಡಿದೆ. ಪುಡಿ ಬರಲಿಲ್ಲ. ಆಮೇಲೆ ಉಕ್ಕಿನ ಪಾತ್ರೆಯ ಮುಚ್ಚಳ ತಿರುಗಿಸಿದೆ. ವಾಷರ್ ಅಡಿಯ ಸಂದಿಗೆ ಆಸಿಡ್ ಹೋಗಿರಲಿಲ್ಲ. ಅಲ್ಲಿ ಕಪ್ಪು ಕರೆ ಕಟ್ಟಿತ್ತು. ಅದನ್ನ ಕೆರೆದು ಇನ್ನೊಂದು ಗಾಜಿನ ಪಾತ್ರೆಗೆ ಹಾಕಿ ಅದೇ ಅನಿಲ ಬಿಟ್ಟೆ. ಹಸಿರು ದ್ರಾವಣ ಒಂದು ಹನಿಯೂ ಹಾಕಲಿಲ್ಲ. ಏನಾಯ್ತು ಪುಟ್ಟಿ?"

ಪುಟ್ಟಿಗೆ ಅಪ್ಪನ ಕಡೆ ನೋಡಲಾಗಲಿಲ್ಲ.

"ಪುಡಿ ಬಂತು."

"ಆ ಕರೆಯಲ್ಲಿ ಕ್ರೋಮಿಯಂ ಲೋಹದ ವೇಗವರ್ಧಕ ಇದೆ. ಹಿಂದೆ ಯಾರೋ ಮಾಡಿದ ಬೇರೆ ಪ್ರಯೋಗದ ಉಳಿಕೆ. ಇಷ್ಟು ವರ್ಷ ಪ್ಲಾಸ್ಟಿಕ್ ಮಾಡಿದ್ದು ಅದು. ನಿನ್ನ ವೇಗವರ್ಧಕವನ್ನ ಯಾರೂ ಕೊಲ್ಲಲಿಲ್ಲ ತಮ್ಮ, ಅದಕ್ಕೆ ಜೀವವೇ ಇರಲಿಲ್ಲ. ಈ ಹುಡುಗ ಕರೆ ತೊಳೆದ, ಅಷ್ಟೇ."

"ನಾನೂ ಮೋಸ ಹೋದೆ ಅನ್ನು," ಎಂದರು ಅಪ್ಪ, ಮೆಲ್ಲಗೆ.

"ಮೋಸ ಹೋದವನಾಗಿದ್ರೆ, ಆಸಿಡ್ ಅಂದ ಕೂಡ್ಲೇ ಯಾಕೆ ಕುಸಿದು ಕೂತೆ? ಪಾತ್ರೆಗೆ ಆಸಿಡ್ ಮುಟ್ಟಿಸಬೇಡಿ ಅಂತ ಯಾಕೆ ಕಾಯ್ಕೊಂಡು ಬಂದೆ?"



"ಮೊದಲು ಗೊತ್ತಿರಲಿಲ್ಲ ಅಕ್ಕ. ಗೊತ್ತಾಗೋ ಹೊತ್ತಿಗೆ ಹೆಸರು ಬಂದುಬಿಟ್ಟಿತ್ತು." ಅಪ್ಪ ಎದ್ದು ಸೋಡಾಬುಡ್ಡಿಯ ಎದುರು ನಿಂತರು.

"ಕೂತ್ಕೊಳ್ಳಿ ಸರ್," ಎಂದು ಅವನೇ ಕುರ್ಚಿ ಎಳೆದುಕೊಟ್ಟ. ಅವನು ಬೈದಿದ್ದರೂ ಚೆನ್ನಾಗಿತ್ತು ಎನಿಸಿತು ಪುಟ್ಟಿಗೆ. ಸ್ಟೂಲಿನ ಮೇಲಿನ ಅಪ್ಪನ ಮುಖ ಕಂಡೂ ಆ ದಿನ ಲ್ಯಾಬಿನಲ್ಲಿ ಬಾಯಿ ಬಿಡದೆ ನಿಂತವಳು ತಾನೇ ಅಲ್ಲವೆ.

"ದೂರು ಹಿಂದಕ್ಕೆ ತಗೋತೀನಿ," ಎಂದರು ಅಪ್ಪ.

"ತಗೊಂಡ್ರೆ ಸಾಲದು ಸರ್," ಎಂದರು ಮುಖ್ಯಸ್ಥೆ. "ಯಾಕೆ ಅಂತ ಬರೀಬೇಕು. ಇಲ್ದಿದ್ರೆ ಈ ಕಲೆ ಅವನಿಗೇ ಅಂಟಿರುತ್ತೆ."

ಅಪ್ಪ ಕಾಗದ ಎಳೆದುಕೊಂಡರು. ಪೆನ್ನನ್ನು ಮಗಳ ಕಡೆ ಚಾಚಿದರು. "ನಾನು ಹೇಳ್ತೀನಿ, ನೀನು ಬರಿ ಪುಟ್ಟಿ. ನಿನ್ನ ಅಕ್ಷರ ಚೆನ್ನಾಗಿದೆ."

ಎಂದೂ ಅಪ್ಪನಿಗೆ ಇಲ್ಲ ಎನ್ನದ ಪುಟ್ಟಿ ಪೆನ್ನನ್ನು ತೆಗೆದುಕೊಂಡು, ಕ್ಯಾಪು ಬಿಚ್ಚಿ, ಮತ್ತೆ ಅವರ ಬೆರಳುಗಳ ನಡುವೆಯೇ ಇಟ್ಟಳು.

"ನೀವೇ ಬರೀರಿ ಅಪ್ಪ," ಎಂದಳು. ಕಾಗದ ಜಾರದ ಹಾಗೆ ಅಂಚನ್ನು ಒತ್ತಿಹಿಡಿದು ಪಕ್ಕದಲ್ಲೇ ನಿಂತಳು.