ಕೆಂಪು ದೀಪ ಆರಿಸಿದ ಸಂಜೆ

"ಆರಿಸ್ರೀ ಆ ದೀಪಾನ!"

ಕಡಲಂಚಿನ ಕತ್ತಲೊಳಗಿಂದ ಯಾರೋ ಗದರಿದ ರಭಸಕ್ಕೆ ಅವಳ ಕೈಯಲ್ಲಿದ್ದ ಟಾರ್ಚು ಜಾರಿ ಬೀಳುವುದರಲ್ಲಿತ್ತು.

ಬೇರೆ ಯಾರಾದರೂ ಆಗಿದ್ದರೆ ಹೆದರಿ ಓಡುತ್ತಿದ್ದರೇನೋ. ಇವಳು ಓಡುವ ಪೈಕಿಯಲ್ಲ. ಬೋಟ್ ರಿಪೇರಿ ಶೆಡ್ಡಿನಲ್ಲಿ ಬೋಟುಗಳಿಗೆ ಬಣ್ಣ ಹೊಡೆಯುವವಳು. ಆ ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಎಂಥ ಗಂಟಲು ಬೆಳೆಸಿಕೊಂಡಿದ್ದಳೆಂದರೆ, ಶೆಡ್ಡಿನವರೆಲ್ಲ ಸೇರಿ ಅವಳಿಗೆ 'ಮೈಕು' ಅಂತಲೇ ಹೆಸರಿಟ್ಟಿದ್ದರು.

"ಯಾಕ್ರೀ ಆರಿಸ್ಬೇಕು? ಈ ಕಡಲು ನಿಮ್ಮಪ್ಪಂದಾ?"

"ನಿಮ್ಮ ಬೆಳಕಿಗೆ ನನ್ನ ಫೋಟೋ ಹಾಳಾಯ್ತು!"

"ಈ ಕತ್ತಲಲ್ಲಿ ಯಾರ ಫೋಟೋ? ದೆವ್ವದ್ದಾ?"

"ನಕ್ಷತ್ರಗಳದ್ದು..."

ಅಷ್ಟು ಹೊತ್ತು ಗದರುತ್ತಿದ್ದ ದನಿ ಆ ಒಂದು ಮಾತಿಗೆ ಮೆತ್ತಗಾಯಿತು. ಮಲಗಿದ ಮಗುವಿನ ಬಗ್ಗೆ ಮಾತಾಡುವಾಗ ಆಗುತ್ತದಲ್ಲ, ಹಾಗೆ. ಅವಳು ಟಾರ್ಚು ಆರಿಸಿದಳು.

"ಕೆಂಪು ದೀಪ ಆದ್ರೆ ತೊಂದ್ರೆ ಇಲ್ಲ," ಅಂದ ಅವನು. "ಬಿಳೀದೇ ಆಗ್ಬರಲ್ಲ."

ಮರುದಿನ ಅವಳು ಮನೆ ಜಗುಲಿಯಲ್ಲಿ ಕೂತು, ಬೋಟಿಗೆ ಹೊಡೆಯುವ ಕೆಂಪು ಬಣ್ಣವನ್ನು ಟಾರ್ಚಿನ ಗಾಜಿಗೆ ಬಳಿಯುತ್ತಿದ್ದಳು. ಅವಳನ್ನು ಸಾಕಿದ ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಏನೇ ಇದು? ಟಾರ್ಚಿಗೆ ಲಿಪ್‌ಸ್ಟಿಕ್ಕಾ? ನಿನ್ನ ತುಟಿಗೆ ಒಂದಿನಾನೂ ಹಚ್ಚಿದ್ದು ಕಾಣೆ!"

ಅಷ್ಟರಲ್ಲಿ ಮಹಡಿ ಮೆಟ್ಟಿಲ ಮೇಲೆ ಯಾರೋ ಕೆಮ್ಮಿದರು. ದೊಡ್ಡಮ್ಮ ಬೇಸಿಗೆಗೆಂದು ಬಾಡಿಗೆಗೆ ಕೊಟ್ಟಿದ್ದ ಮೇಲಿನ ಕೋಣೆಗೆ ಬಂದವನು ಅವನೇ! ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ನಗುತ್ತ ನಿಂತಿದ್ದ.

'ಅಯ್ಯೋ, ಕೇಳಿಸ್ಕೊಂಡ್ನಾ!' ಅವಳ ಕಿವಿ ಟಾರ್ಚಿಗಿಂತ ಕೆಂಪಾಯಿತು.

ಅಲ್ಲಿಂದ ಶುರುವಾಯಿತು ನೋಡಿ.

ಸಂಜೆಯಾದರೆ ಇಬ್ಬರೂ ಕಡಲಂಚಿನ ಬಂಡೆಗಳ ಕಡೆ ಹೊರಡುವರು. ಅವಳು ಕೆಂಪು ದೀಪ ಹಿಡಿದು ಮುಂದೆ. ಅವನು ಅವಳ ಹೆಗಲ ಮೇಲೆ ಕೈಯಿಟ್ಟು ಹಿಂದೆ. ಆ ಕೈಯ ಭಾರಕ್ಕೆ ಅವಳ ಎದೆ ಹಾರುತ್ತಿತ್ತು.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ ಕಣ್ಣು ತೆರೆಸಿಬಿಟ್ಟರೆ, ಅದು ಬಹಳ ಹೊತ್ತು ಆಕಾಶದ ಬೆಳಕು ಕುಡಿಯುತ್ತ ಇರುತ್ತಿತ್ತು. ಅಷ್ಟು ಹೊತ್ತೂ ಕಾಯಬೇಕು. ಅವಳೋ ಒಂದು ಕಡೆ ಕೂರುವವಳಲ್ಲ. ದೀಪ ಹಿಡಿದು ಬಂಡೆಯಿಂದ ಬಂಡೆಗೆ ಅಲೆಯುವಳು.

"ಹೇಳಿ ಮೈಕಮ್ಮ, ಇವತ್ತು ಏನೇನಿದೆ?" ಅವನು ದಿನಾ ಕೇಳುತ್ತಿದ್ದ.

"ಏನೇನಿದೆ ಅಂದ್ರೆ? ಕತ್ತೆತ್ತಿ ನೋಡ್ರೀ!"

"ನೀವು ಹೇಳಿದ್ರೇ ಚೆಂದ."

ಅವಳು ಹೇಳುವಳು. ಅಲ್ಲೊಂದು ಗೊಂಚಲು, ಯಾರೋ ಉಪ್ಪು ಚೆಲ್ಲಿದ ಹಾಗೆ... ಇಲ್ಲೊಂದು ಒಂಟಿ, ಮುನಿಸಿಕೊಂಡು ಮೂಲೇಲಿ ಕೂತಿದೆ... ಅವನು ಕಣ್ಣು ಮುಚ್ಚಿ ಕೇಳುವನು.

'ನನ್ನ ದನಿ ಕೇಳೋಕೆ ಎಂಥ ನೆಪ!' ಅಂದುಕೊಂಡು ಅವಳು ಒಳಗೊಳಗೇ ಉಬ್ಬಿದಳು.

ಬೇಸಿಗೆ ಮುಗಿಯುವಾಗ ಮೀನು ಹರಾಜಿನ ಶೆಡ್ಡಿನಲ್ಲಿ ಒಂದು ಚಿತ್ರಪ್ರದರ್ಶನ ಎಂದು ಊರವರು ನಿಶ್ಚಯಿಸಿದರು. ಅವನ ಫೋಟೋಗಳು ಶೆಡ್ಡಿನೊಳಗೆ. ಪಕ್ಕದ ಐಸ್ ಫ್ಯಾಕ್ಟರಿಯ ಹೊರಗೋಡೆ ಇವಳಿಗೆ. ಅವಳು ಆ ಗೋಡೆಯ ತುಂಬ ಆಕಾಶ ಬರೆದಳು. ದಿನಾ ಅವನಿಗೆ ಹೇಳಿದ್ದನ್ನೆಲ್ಲ ಅಲ್ಲಿ ಇಟ್ಟಳು: ಚೆಲ್ಲಿದ ಉಪ್ಪು, ಮುನಿಸಿನ ಒಂಟಿ, ಎಲ್ಲವನ್ನೂ. ಅವನಿಗೆ ಮಾತ್ರ ತೋರಿಸಲಿಲ್ಲ. ಮೇಲೆ ಟಾರ್ಪಾಲು ಇಳಿಬಿಟ್ಟಿದ್ದಳು.

"ಹಗಲು ಹೊತ್ತಲ್ಲಿ ತೋರಿಸ್ತೀರಿ ತಾನೆ? ಹಗಲಲ್ಲೇ ನೋಡ್ಬೇಕು ನಾನು," ಅಂದಿದ್ದ.

ಒಂದು ದಿನ ಅವನೇ ಅಂದ, "ನಾಳೆ ನಮ್ಮಣ್ಣ ಬರ್ತಾನೆ. ಸಂಜೆ ಕಡಲ ಮೆಟ್ಟಿಲ ಹತ್ರ ಬರ್ತೀರಾ? ನಿಮ್ಮನ್ನ ತೋರಿಸ್ಬೇಕು ಅವನಿಗೆ."

ತೋರಿಸಬೇಕು! ಅವಳಿಗೆ ಆ ರಾತ್ರಿ ನಿದ್ದೆಯೇ ಇಲ್ಲ.

ದೊಡ್ಡಮ್ಮ ತನ್ನ ಪೆಟ್ಟಿಗೆಯಿಂದ ಹೊಸ ನೀಲಿ ಸೀರೆ ತೆಗೆದುಕೊಟ್ಟಳು. "ಬಣ್ಣದ ಥಿನ್ನರ್ ವಾಸನೆ ಹೋಗೋ ಹಾಗೆ ಸ್ನಾನ ಮಾಡೇ. ಅವನ ಅಣ್ಣ ಮೂಗು ಮುಚ್ಚಿಕೊಂಡಾನು."

ಸೂರ್ಯ ಮುಳುಗಿ ಮಬ್ಬು ಕವಿಯುವ ಹೊತ್ತು. ಅವಳು ಮೆಟ್ಟಿಲ ಪಕ್ಕ, ದಡಕ್ಕೆ ಎಳೆದಿಟ್ಟ ಬೋಟಿಗೆ ಒರಗಿ ನಿಂತಳು. ಕೈಯಲ್ಲಿ ಕೆಂಪು ದೀಪ. ಯಾಕೋ ಒಂದು ಆಸೆ ಬಂತು: 'ದಿನಾ ಈ ದೀಪಾನೇ ನೋಡ್ತಾನೆ. ಇವತ್ತು ನನ್ನನ್ನ ನೋಡ್ಲಿ...'

ದೀಪ ಆರಿಸಿಬಿಟ್ಟಳು.

ಅಣ್ಣ ಮುಂದೆ ಮೆಟ್ಟಿಲಿಳಿದು ಹೋದ. ಅವನು ಹಿಂದೆ ಬಂದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದ.

"ಯಾರೋ ಬರ್ತಾರೆ ಅಂದ್ಯಲ್ಲೋ?" ಅಣ್ಣ ತಿರುಗದೆಯೇ ಕೇಳಿದ.

ಅವನು ನಿಂತ. ಅವಳ ಕಡೆಗೇ ಮುಖ ತಿರುಗಿಸಿದ. ಅವಳು ನಕ್ಕಳು.

"ಬಂದಿಲ್ಲ," ಅಂದ. ಅಂದು, ಇಳಿದು ಹೋದ.

ಊರಿಗೆಲ್ಲ ಕೇಳುವ ಗಂಟಲಿನವಳು... ಅವತ್ತು ಒಂದು ಶಬ್ದ ಹೊರಡಲಿಲ್ಲ!

ಮರುದಿನ ಬೆಳಿಗ್ಗೆ ಅವನು ಬಾಗಿಲು ತಟ್ಟಿದ. "ನಿನ್ನೆ ಯಾಕೆ ಬರ್ಲಿಲ್ಲ? ಬಹಳ ಹೊತ್ತು ಕಾದೆ."

ಒಳಗೆ ಅವಳು ಚಾಪೆಯಲ್ಲಿ ಮುಖ ಹುದುಗಿಸಿದ್ದಳು. 'ನೋಡಿಯೂ ನೋಡದ ಹಾಗೆ ಹೋಗಿ, ಈಗ ನಾಟಕ! ಬಣ್ಣ ಹೊಡೆಯೋಳು ಅಣ್ಣನಿಗೆ ತೋರಿಸೋ ಹಾಗಿಲ್ಲ ಅಂತ ಕೊನೇ ಗಳಿಗೆಯಲ್ಲಿ ಅನ್ನಿಸ್ತೇನೋ...' ಬಾಗಿಲು ತೆಗೆಯಲಿಲ್ಲ. ಮಧ್ಯಾಹ್ನ ಅವನು ಅಣ್ಣನ ಜೊತೆ ಕೋಣೆ ಖಾಲಿ ಮಾಡಿ ಹೋದ.

ಸಂಜೆ ಅವಳು ಟಾರ್ಪಾಲು ಕಿತ್ತೆಸೆದಳು. ರೋಲರ್ ಹಿಡಿದು, ಇಡೀ ಆಕಾಶಕ್ಕೆ ಬಿಳಿ ಬಣ್ಣ ಬಳಿದಳು. ಕೊನೆಗೆ ಉಳಿದದ್ದು ಆ ಮುನಿಸಿನ ಒಂಟಿ ನಕ್ಷತ್ರ. ಅದರ ಮೇಲೂ ರೋಲರ್ ಎಳೆದಳು.

ಆಮೇಲಿನ ದಿನಗಳನ್ನು ಹೇಳುವುದೇ ಕಷ್ಟ. ಬೋಟು ಉಜ್ಜುವುದು, ಬಣ್ಣ ಹೊಡೆಯುವುದು, ಮನೆಗೆ ಬಂದು ಗೋಡೆ ನೋಡುತ್ತ ಮಲಗುವುದು. ಶೆಡ್ಡಿನವರು "ಮೈಕು ಕೆಟ್ಟೋಯ್ತಲ್ಲಪ್ಪಾ" ಅಂತ ಮೊದಮೊದಲು ತಮಾಷೆ ಮಾಡಿದರು. ಆಮೇಲೆ ಅವರೂ ಸುಮ್ಮನಾದರು. ಅವಳು ಆಕಾಶ ನೋಡುವುದನ್ನೇ ಬಿಟ್ಟಳು. ಹೊತ್ತು ಮುಳುಗಿದರೆ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದಳು.

ದೊಡ್ಡಮ್ಮನೂ ಬೈಯುವುದನ್ನು ಬಿಟ್ಟಿದ್ದಳು. ಅದಕ್ಕಿಂತ ಕೆಟ್ಟ ಕಾಲ ಆ ಮನೆಗೆ ಬಂದಿರಲಿಲ್ಲ!

ಪ್ರದರ್ಶನದ ದಿನ ಮಾತ್ರ ದೊಡ್ಡಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. "ಅವನ ಮುಖ ನೋಡ್ಬೇಡ, ಬಿಡು. ಫೋಟೋ ನಿನಗೇನು ಮಾಡಿದ್ವು?"

ಹರಾಜಿನ ಶೆಡ್ಡಿನಲ್ಲಿ ಸಾಲಾಗಿ ಅವನ ಫೋಟೋಗಳು. ಎಲ್ಲದರಲ್ಲೂ ನಕ್ಷತ್ರಗಳು ಮೇಲೆ. ಮತ್ತೆ ಎಲ್ಲದರಲ್ಲೂ, ಕೆಳಗೆ ಬಂಡೆಗಳ ಮೇಲೆ... ತೆಳ್ಳಗೆ, ಅಂಕುಡೊಂಕಾಗಿ ಒಂದು ಕೆಂಪು ಗೆರೆ.

ಅವಳು ಹತ್ತಿರ ಹೋಗಿ ನೋಡಿದಳು. ಕ್ಯಾಮೆರಾ ಕಣ್ಣು ತೆರೆದಿದ್ದಷ್ಟು ಹೊತ್ತೂ ದೀಪ ಹಿಡಿದು ಅಲೆದವಳು ತಾನೇ! ಅವಳು ಮೂಡಿರಲಿಲ್ಲ. ಅವಳ ದೀಪ ನಡೆದ ದಾರಿ ಮೂಡಿತ್ತು.

"ಆ ಗೆರೆ ಅಳಿಸಿಬಿಡೋ, ಕಲೆ ಥರ ಕಾಣುತ್ತೆ ಅಂದೆ," ಪಕ್ಕದಲ್ಲೊಬ್ಬರು ಹೇಳಿದರು. ಅವನ ಅಣ್ಣ. "ಒಪ್ಪಲಿಲ್ಲ. ನಾನು ಕಣ್ಣಾರೆ ಕಂಡದ್ದು ಅದೊಂದೇ ಅಂದ."

"...ಅಂದ್ರೆ?"

"ಅವನಿಗೆ ಹೊತ್ತು ಮುಳುಗಿದ್ರೆ ಕಣ್ಣು ಕಾಣಲ್ಲಮ್ಮ. ನಕ್ಷತ್ರ ಕಾಣದೆ ವರ್ಷಗಳಾದ್ವು. ಕ್ಯಾಮೆರಾಗೆ ಕಾಣುತ್ತೆ, ಅವನಿಗಿಲ್ಲ. ಹಗಲೂ ನಿಧಾನಕ್ಕೆ ಹೋಗ್ತಿದೆ, ಔಷಧಿ ಇಲ್ಲವಂತೆ. ಇಲ್ಲಿ ಯಾರೋ ಗೋಡೆ ಮೇಲೆ ಆಕಾಶ ಬರೀತಿದ್ದಾರೆ, ಹಗಲಲ್ಲೇ ನಕ್ಷತ್ರ ನೋಡಿಬಿಡ್ತೀನಿ ಅಣ್ಣ ಅಂತ ಕುಣಿದಿದ್ದ. ಈಗ ನೋಡಿದ್ರೆ ಗೋಡೆ ಬೆಳ್ಳಗಿದೆ..."

ಅವಳಿಗೆ ಮುಂದಿನದು ಕೇಳಿಸಲಿಲ್ಲ.

ಹೆಗಲ ಮೇಲಿನ ಆ ಕೈ... 'ಏನೇನಿದೆ' ಎಂಬ ಆ ಪ್ರಶ್ನೆ... ಆ ಸಂಜೆಯ 'ಬಂದಿಲ್ಲ'...

ದೀಪ ಆರಿಸಿದ್ದು ತಾನು! ಗೋಡೆ ಬಳಿದದ್ದೂ ತಾನೇ!

ಅವನು ಹೊರಗೆ ಕಡಲ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಮಬ್ಬು ಕವಿಯುತ್ತಿತ್ತು. ಅವಳು ಮನೆಗೆ ಓಡಿ ಟಾರ್ಚು ತಂದು, ಅವನ ಮುಖದ ನೇರಕ್ಕೆ ಹಿಡಿದು ಹೊತ್ತಿಸಿದಳು.

ಅವನು ತಲೆಯೆತ್ತಿದ. "ಮೈಕಮ್ಮ?"

"ಅವತ್ತು ಇಲ್ಲೇ ನಿಂತಿದ್ದೆ," ಅಂದಳು ಅವಳು. "ನಿಮ್ಮ ಪಕ್ಕದಲ್ಲೇ. ದೀಪ ಆರಿಸಿಕೊಂಡು."

ಅವನು ಅವಳ ದನಿ ಬಂದ ಕಡೆ ತಿರುಗಿದ.

"ಕೂಗ್ಬಾರ್ದಿತ್ತಾ? ಬೇರೆ ದಿನ ನೀನು ಊರು ಕಿತ್ತುಹೋಗೋ ಹಾಗೆ ಕೂಗ್ತಿದ್ದೆ!"

"ನೀವ್ಯಾಕೆ ಹೇಳ್ಲಿಲ್ಲ? ಒಂದು ಮಾತು..."

"ಹೇಳಿದ್ರೆ ನೀನು ದೀಪ ಹಿಡಿಯೋ ಆಯಾ ಆಗಿಬಿಡ್ತಿದ್ದೆ. ಇಷ್ಟಪಟ್ಟು ಬರ್ತಿದ್ದೀಯಾ, ಪಾಪ ಅಂತ ಬರ್ತಿದ್ದೀಯಾ ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ." ತಡೆದು ಅಂದ, "ಕೇಳಿಲ್ಲಿ. ಇದು ವಾಸಿಯಾಗಲ್ಲ. ಒಂದಿನ ನಿನ್ನ ಮುಖಾನೂ ಹೋಗುತ್ತೆ."

"ದೀಪ ಆರಿಸಲ್ಲ ಇನ್ಮೇಲೆ."

"ಆಗ ದೀಪಾನೂ ಕಾಣಲ್ಲ ಕಣೆ."

"ಆಗ ಕೂಗ್ತೀನಿ." ಅವಳು ಬಿಕ್ಕಿದಳು. "ನನ್ನ ಬಾಯಿ ಇರೋದು ಮತ್ಯಾಕೆ?"

ಅವನು ಕೈ ಚಾಚಿ ಅವಳ ಹೆಗಲು ಹುಡುಕಿದ. ಅವಳೇ ಹೆಗಲು ತಂದು ಆ ಕೈಯ ಕೆಳಗಿಟ್ಟಳು. ಇಬ್ಬರೂ ಅತ್ತರು. ಸಮಾಧಾನದ ಅಳು ಅಂತ ಹೇಳಲಾರೆ. ಹೋದದ್ದು ಬಹಳವಿತ್ತು, ಹೋಗಬೇಕಾದದ್ದೂ ಇತ್ತು.

ಬೆಳಿಗ್ಗೆ ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಅವಳು ಏಣಿಯ ಮೇಲಿದ್ದಳು. ಆ ಬಿಳಿ ಗೋಡೆಯಲ್ಲಿ ಒಂದು ಕಿಟಕಿಯಷ್ಟು ಜಾಗಕ್ಕೆ ಕಡುನೀಲಿ ಹೊಡೆದು, ನಡುವೆ ಸಣ್ಣ ಬ್ರಷ್ಷಿನಲ್ಲಿ ಒಂದೇ ಒಂದು ಚುಕ್ಕೆ ಇಟ್ಟಳು. ಅವನು ಕೆಳಗೆ ಏಣಿ ಹಿಡಿದು ನಿಂತಿದ್ದ.

"ಹೇಳು, ಇವತ್ತು ಏನೇನಿದೆ?"

"ಒಂದೇ. ಈಗ ತಾನೇ ಇಟ್ಟೆ... ಕಾಣ್ತಾ?"

ಅವನು ಮುಖ ಮೇಲೆತ್ತಿದ. ಗೋಡೆಯ ಮೇಲೆಲ್ಲ ನಿಧಾನಕ್ಕೆ ಹುಡುಕಿದ.

"ನಿನ್ನ ಕೈ ಪಕ್ಕದಲ್ಲಿ," ಅಂದ ಅವನು. "ಮುನಿಸಿಕೊಂಡು ಕೂತಿದೆ."

"ಒದ್ದೆ ಇದೆ, ಮುಟ್ಬೇಡಿ," ಅಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಏಣಿ ಗಟ್ಟಿ ಹಿಡ್ಕೊಳ್ಳಿ. ಇನ್ನೂ ಬಹಳ ಇಡೋದಿದೆ."