ಬರ್ತೀನಿ ಅಂದವಳು

“ಆ ಪಟದ ಮುಂದ ‘ಬರ್ತೀನಿ’ ಅನಬ್ಯಾಡವಾ. ‘ಹೋಗ್ತೀನಿ’ ಅನ್ನು.”

ಸಿಡ್ನಿಗೆ ದೂರದ ವೆರಿಬೀ ಎಂಬ ಊರಿನ ಆ ಮನೆಯ ಒಡತಿ ರತ್ನವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದು, ‘ಲೋಕಲ್ ಎಕ್ಸ್‌ಪೀರಿಯೆನ್ಸ್ ಇಲ್ಲ’ ಎಂಬುದನ್ನೇ ಕೇಳಿ ಕೇಳಿ ರೋಸಿಹೋದ ಅನಘಾಳಿಗೆ ಕೊನೆಗೂ ಸಿಡ್ನಿಯಲ್ಲಿ ಕೆಲಸ ಸಿಕ್ಕಿತ್ತು. ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು. ಈಗ ಇದೊಂದು ಬೇರೆ!

ಗೋಡೆಯ ಮೇಲಿನ ಕಂದುಬಣ್ಣದ ಆ ಹಳೆಯ ಪಟದಲ್ಲಿದ್ದದ್ದು ಫ್ರಾನ್ಸಿನ ಯಾವುದೋ ಹಳ್ಳಿ. ಕಲ್ಲಿನ ಚರ್ಚು, ಅದರ ಮುಂದೆ ಸಾಲಾಗಿ ನಿಂತ ಊರವರು. ಒಬ್ಬರೂ ನಗುತ್ತಿರಲಿಲ್ಲ.

“ಊರು ಖಾಲಿ ಆಗಬಾರದಂತ ಯಾವಾಕಿನೋ ಮಾಟ ಮಾಡ್ಯಾಳ. ಮಂದಿ ಎಷ್ಟೋ ಅಷ್ಟ ಇರಬೇಕು. ಒಬ್ರು ಬಂದ್ರನ ಒಬ್ರಿಗೆ ಬಿಡುಗಡಿ. ಪಟ ಮಾರಿದ ಮುದುಕಿ ಹೇಳಿದ್ಲು, ನಮ್ಮನಿಯವರು ನಕ್ಕರು. ‘ಬರ್ತೀನಿ’ ಅಂದು ಹಳದಿ ಜಾಕೆಟ್ಟು ಹಾಕ್ಕೊಂಡು ಡ್ಯೂಟಿಗೆ ಹೋದ್ರು, ತಿರುಗಿ ಬರಲಿಲ್ಲ. ಈಗ ನೋಡಲ್ಲೆ.”

ಸಾಲಿನ ತುದಿಯಲ್ಲಿ ಹಳದಿ ಜಾಕೆಟ್ಟು ತೊಟ್ಟ, ಮಸುಕು ಮುಖದ ಒಬ್ಬ ಗಂಡಸು. ಯಾರೋ ಬಣ್ಣ ಬಳಿದಿರಬೇಕು.

ಅನಘಾ ಹೆಚ್ಚು ಮಾತಿನವಳಲ್ಲ. ಅಂದು ಸಿಟ್ಟೇ ಮಾತಾಡಿಸಿತು. “ಹೊರಡೋವಾಗ ‘ಹೋಗ್ತೀನಿ’ ಅನ್ನೋದಾ ಆಂಟಿ? ನಮ್ಮಮ್ಮ ಕೇಳಿದ್ರೆ ಬಾಯಿಗೆ ಹೊಡೀತಾರೆ.” ಪಟಕ್ಕೆ ಕೈಮುಗಿದಳು. “ಬರ್ತೀನಿ ಕಣ್ರಪ್ಪಾ, ಖಂಡಿತ ಬರ್ತೀನಿ!”

ರತ್ನವ್ವ ಸರಿದು ದಾರಿ ಬಿಟ್ಟಳು. ಮುಖದಲ್ಲಿದ್ದದ್ದು ಭಯವೋ, ಮತ್ತೇನೋ.

ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸು, ಮೊದಲ ಬೆಳಗ್ಗೆ. ಲಿಫ್ಟಿನೊಳಗೆ ನೆನೆದ ಹುಲ್ಲಿನ ವಾಸನೆ, ಆಗಷ್ಟೇ ಆರಿದ ಮೇಣದಬತ್ತಿಯ ಹೊಗೆ. ಎಲ್ಲೋ ದೂರದಲ್ಲಿ ಗಂಟೆ. ಅನಘಾ ಕಾರ್ಡು ಒತ್ತಿದಳು. ಗಾಜಿನ ಬಾಗಿಲು ತೆರೆಯಲಿಲ್ಲ. “ಎಕ್ಸ್‌ಕ್ಯೂಸ್ ಮೀ.” ರಿಸೆಪ್ಷನ್ ಹುಡುಗಿ ತಲೆಯೆತ್ತಲಿಲ್ಲ. ಇಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಸವೆದದ್ದು ಸಾಲದೆ? ಇಲ್ಲೂ ಅದೇ ಹಣೆಬರಹವೇ? ರೋಷದಿಂದ ಮೇಜು ಗುದ್ದಿದಳು.

ಸದ್ದಾಗಲಿಲ್ಲ.

ಗಂಟೆ ಹತ್ತಿರವಾಯಿತು. ದೀಪಗಳು ಕಂದಿದವು. ಕಾಲಡಿಯ ಕಾರ್ಪೆಟ್ಟು ತಣ್ಣಗೆ ಕಲ್ಲಾಯಿತು. ಪಕ್ಕದಲ್ಲಿ ಯಾರೋ ನಿಂತರು. ಆ ಪಕ್ಕದಲ್ಲೂ. ತಿರುಗಲು ಕತ್ತು ಬರಲಿಲ್ಲ. ಬೆರಳು ಮಾತ್ರ ಹೇಗೋ ಫೋನಿನಲ್ಲಿ ರತ್ನವ್ವನ ಮನೆಯ ನಂಬರು ಒತ್ತಿತು.

“ಹಲೋ?” ಬಹುಕಾಲ ಮಾತಾಡದೆ ತುಕ್ಕು ಹಿಡಿದಂಥ ಗಂಡಸಿನ ದನಿ. “ಶಿವಬಸಪ್ಪ ಮಾತಾಡೂದು. ಯಾರು?”

“ಅಂಕಲ್, ನಾನು ಅನಘಾ! ಆಂಟಿಗೆ ಕೊಡಿ, ಬೇಗ!”

“ಹಲೋ? ಹಲೋ?”

ಅವಳು ಕಿರುಚಿದಳು. ಮತ್ತೆ ಮತ್ತೆ ಕಿರುಚಿದಳು.

ಅಡುಗೆಮನೆಯಿಂದ ರತ್ನವ್ವನ ದನಿ ಕೇಳಿಸಿತು: “ಚಹಾ ಆರತೈತ್ರೀ. ಯಾರದು?”

“ಯಾರೂ ಇಲ್ಲ ಬಿಡು. ಬರೇ ಗಂಟಿ ಸಪ್ಪಳ.”