ಕಿಟಕಿ ಪಕ್ಕದ ಹಲಗೆ

೧೯೪೧ನೇ ಇಸವಿ ಮಾರ್ಚ್ ೧೧, ಮಂಗಳವಾರ. ಬೆಳಿಗ್ಗೆ ಎಂಟೂಕಾಲಿಗೆ ಆದಿಲಕ್ಷ್ಮಮ್ಮ ಎಂಬಾಕೆ ಬರಿಗಾಲಲ್ಲೇ ಮುಳಬಾಗಿಲು ಠಾಣೆಗೆ ಬಂದರು. ಗಂಡ, ಕಂಟ್ರಾಕ್ಟರ್ ಕೋದಂಡರಾಮಪ್ಪ, ಕಿಟಕಿ ಪಕ್ಕ ತಾವು ದಿನಾ ಕೂರುವ ಈಸಿಚೇರಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಳಚಾವಣಿಯ ಜಿಪ್ಸಮ್ ಹಲಗೆ ಕತ್ತಿನ ಮೇಲೆ ಬಿದ್ದಿತ್ತು. ಅವರನ್ನು ಕೋಲಾರದ ಆಸ್ಪತ್ರೆಗೆ ಸಾಗಿಸಿದ್ದರು. ಹಲಗೆ ಮಾರಿದವರು ಮೋಸ ಮಾಡಿದ್ದಾರೆಂಬುದು ಆಕೆಯ ದೂರು. ಇನ್‌ಸ್ಪೆಕ್ಟರ್ ಚನ್ನರಾಯಪ್ಪ ಎಫ್.ಐ.ಆರ್. ಬರೆಸಿ, ದಫೇದಾರ್ ಆಂಜಿನಪ್ಪನನ್ನು ಕರೆದುಕೊಂಡು ಹೊರಟರು.

ಒಂಬತ್ತು ಗಂಟೆಗೆ ಪಂಚನಾಮೆ. ಮೂರು ಮಣ ತೂಗುವ ಹಲಗೆಗೆ ನಾಲ್ಕೇ ಗಿಡ್ಡ ಮೊಳೆ.

"ಕೆಲಸ ಬರದ ನನ್ಮಗ ಯಾವನೋ ಮಾಡವ್ನೆ ಸಾರ್," ಎಂದ ಆಂಜಿನಪ್ಪ.

"ತಲೆ ಎತ್ತಿ ನೋಡಯ್ಯಾ."

ಉಳಿದ ಹದಿನೇಳು ಹಲಗೆಗಳಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಚನ್ನರಾಯಪ್ಪ ಅವನನ್ನು ಏಣಿ ಹತ್ತಿಸಿ ಒಂದು ಸಂದು ಕೆರೆಸಿದರು. ಗೇಣಿಗೊಂದು ಮೊಳೆ. ಸಂದಿನುದ್ದಕ್ಕೂ ಗೋಣಿಬಟ್ಟೆಯ ಪಟ್ಟಿ, ಅದರ ಮೇಲೆ ಮೂರು ಸಲ ಪ್ಲಾಸ್ಟರ್. ಬಿಸಿಲಿಗೆ ಹಲಗೆ ಹಿಗ್ಗಲೆಂದು ಗೋಡೆಯಂಚಿನಲ್ಲಿ ಬೆರಳು ತೂರುವಷ್ಟು ಜಾಗ. ಬಿದ್ದ ಹಲಗೆಯ ಸುತ್ತ ಮಾತ್ರ ಪಟ್ಟಿಯಿಲ್ಲ. ಬರೀ ಸುಣ್ಣ ಬಳಿದು ಮುಚ್ಚಿದ್ದರು.

ಎಲ್ಲವನ್ನೂ ಕೆಡಿಸಿದ್ದರೆ ಕಳಪೆ ಕೆಲಸವೆಂದು ಕೈಬಿಡಬಹುದಿತ್ತು. ಉಳಿದ ಹದಿನೇಳನ್ನು ಕೆಡಿಸಲು ಹಾಕಿದವನಿಗೆ ಮನಸ್ಸು ಬಂದಿರಲಿಲ್ಲ.

"ಯಾರಮ್ಮ ಹಾಕಿದ್ದು?"

"ಗಾರೆ ಗಂಗುಲಪ್ಪ. ಒಳ್ಳೆಯವನು ಸ್ವಾಮಿ. ಬಿರುಕು ಬಿಟ್ಟಿದೆಯಾ ಅಂತ ವಾರಕ್ಕೊಂದು ಸಲ ಬಂದು ನೋಡ್ಕೊಂಡು ಹೋಗ್ತಿದ್ದ."

"ಏನಾದ್ರೂ ಹೇಳಿದ್ನಾ?"

"ಕಿಟಕಿ ಹತ್ರ ಇನ್ನೂ ಹಸಿ ಐತೆ, ನೀವು ಆ ಕಡೆ ಹೋಗ್ಬೇಡ್ರಮ್ಮ ಅಂದ."

"ಯಜಮಾನರಿಗೆ?"

ಆಕೆ ತಡೆದು ಹೇಳಿದರು: "ಅವರಿಗೆ ಹೇಳ್ಬೇಡಿ, ರೇಗ್ತಾರೆ ಅಂದ."

"ಇಂಥಾ ಕೆಲಸ ನಿಮ್ಮ ಯಜಮಾನ್ರು ಬೇರೆಲ್ಲಿ ಮಾಡಿಸಿದ್ರು?"

"ಮಾಲೂರಲ್ಲಿ, ಒಂದು ಛತ್ರಕ್ಕೆ."

ಸಂಜೆ ಆರಕ್ಕೆ ಕೋಲಾರದಿಂದ ತಂತಿ ಬಂತು. ಕೋದಂಡರಾಮಪ್ಪ ತೀರಿಕೊಂಡಿದ್ದರು. ಪ್ರಕರಣ ಕೊಲೆಯಾಯಿತು.

ಬುಧವಾರ ಆಂಜಿನಪ್ಪ ಮಾಲೂರಿಗೆ ಹೋಗಿ ೧೯೩೮ರ ಹಳೆಯ ಕಡತದ ನಕಲು ತಂದ. ಛತ್ರದ ಹಲಗೆ ಬಿದ್ದು ಗಾರೆಯವನೊಬ್ಬ ಸತ್ತಿದ್ದ. ಹೆಸರು ಮುನಿಯಲ್ಲಪ್ಪ. ಕುಡಿದು ಕೆಲಸ ಮಾಡುತ್ತಿದ್ದನೆಂದು ಕೋದಂಡರಾಮಪ್ಪ ಹೇಳಿಕೆ ಕೊಟ್ಟಿದ್ದರು, ಅಲ್ಲಿಗೇ ಮುಗಿದಿತ್ತು. ಹೆಣ ಒಯ್ದವನು ಅಣ್ಣ, ಗಂಗುಲಪ್ಪ. ಕೂಲಿಯವನ ಅಣ್ಣ ಯಾರೆಂದು ಕಂಟ್ರಾಕ್ಟರು ಯಾವತ್ತೂ ಕೇಳಿರಲಿಲ್ಲ.

ಗುರುವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ಶ್ರೀನಿವಾಸಪುರದ ವಕೀಲರೊಬ್ಬರ ಮನೆಯಲ್ಲಿ ಗಂಗುಲಪ್ಪ ಅಟ್ಟಣಿಗೆಯ ಮೇಲಿದ್ದ. ಪೊಲೀಸರನ್ನು ನೋಡಿ ಕರಣೆ ಕೆಳಗಿಡಲಿಲ್ಲ.

"ಕೋದಂಡರಾಮಪ್ಪ ಸತ್ತ ಕಣಯ್ಯಾ," ಎಂದರು ಚನ್ನರಾಯಪ್ಪ.

"ಬಿದ್ದ ತಕ್ಷಣವೇ?"

"ಇಲ್ಲ. ಸಂಜೆವರೆಗೂ ಇದ್ದ."

"ಹಂಗಾದ್ರೆ ಸರಿಹೋಯ್ತು. ನಮ್ ಮುನಿಯಲ್ಲಾನೂ ಸಂಜೆವರೆಗೂ ಇದ್ದ."

"ಗೋಣಿಪಟ್ಟಿ ಯಾಕೆ ಹಾಕಲಿಲ್ಲ?"

"ಮಾಲೂರಲ್ಲಿ ನಾವು ಪಟ್ಟಿ ಕೇಳಿದ್ವಿ, ಉದ್ದ ಮೊಳೆ ಕೇಳಿದ್ವಿ. ಅವೆಲ್ಲ ಬೇಡ, ಬೇಗ ಮುಗಿಸ್ರೋ ಅಂದ. ಅವನು ಹೇಳಿದಂಗೇ ಅವನ ತಲೆ ಮೇಲೊಂದು ಹಾಕ್ಕೊಟ್ಟೆ."

"ಇಳಿ ಕೆಳಗೆ."

"ಸ್ವಲ್ಪ ತಡ್ಕೊಳ್ಳಿ ಸ್ವಾಮಿ. ಪ್ಲಾಸ್ಟರ್ ಕಲಸಿಬಿಟ್ಟಿದೀನಿ, ಗಟ್ಟಿಯಾಗ್ತದೆ. ಈ ಸಂದು ಹಿಂಗೇ ಬಿಟ್ರೆ ಬಿರುಕು ಬಿಡ್ತದೆ. ಕೆಳಗೆ ಮಕ್ಕಳು ಮಲಗ್ತಾವೆ."

ಆಂಜಿನಪ್ಪ ಬೇಡಿ ಹಿಡಿದು ಮುಂದಾದ. ಚನ್ನರಾಯಪ್ಪ ಅವನ ತೋಳು ಹಿಡಿದು ನಿಲ್ಲಿಸಿದರು. ಗಂಗುಲಪ್ಪ ಒದ್ದೆ ಪಟ್ಟಿಯನ್ನು ಸಂದಿಗೆ ಎಳೆದು ಕೂರಿಸಿ, ಮೇಲೆ ಮೆತ್ತಿ, ಅಂಗೈಯಿಂದ ಸವರಿ ನೋಡಿದ. ಇಳಿದು ಬಂದು ಕೈ ತೊಳೆದು ಚಾಚಿದ.

"ನನ್ ತಮ್ಮ ಹೆಂಡ ಮುಟ್ಟಿದೋನಲ್ಲ ಸ್ವಾಮಿ. ಅದನ್ನ ಬರ್ಕೊಳ್ಳಿ."

ದಸ್ತಗಿರಿಯ ವೇಳೆ ಮೂರೂ ಮೂವತ್ತೈದು. ನಡುವಿನ ಹದಿನೈದು ನಿಮಿಷಕ್ಕೆ ಕೇಸ್ ಡೈರಿಯಲ್ಲಿ ಕಾರಣ ಇಲ್ಲ. ಕೊಲೆಯ ಕಾರಣದ ಎದುರು ಚನ್ನರಾಯಪ್ಪ ಮೊದಲು 'ತಮ್ಮನ ಸಾವು' ಎಂದು ಬರೆದರು. ಆಮೇಲೆ ಅದನ್ನು ಹೊಡೆದುಹಾಕಿ, 'ಸತ್ತ ತಮ್ಮನ ಮೇಲೆ ಹೇಳಿದ ಸುಳ್ಳು' ಎಂದು ತಿದ್ದಿದರು.